ಟೈಲುಗಳ ಸಂದು ಮತ್ತು ಎಪಾಕ್ಸಿ

ಮನೆ ಕಟ್ಟುವವರೂ ಮನೆ ಕೊಳ್ಳುವವರೂ ನೆಲದ ವಿಷಯ ಬಂದಾಗ ಟೈಲುಗಳ ಬಣ್ಣ, ಅಳತೆ, ಹೊಳಪು ಇವನ್ನು ಕುರಿತೇ ಮಾತನಾಡುತ್ತಾರೆ. ಎರಡು ಟೈಲುಗಳ ನಡುವೆ ಉಳಿಯುವ ಸಂದಿನ ಮಾತು ಬರುವುದು ಕಟ್ಟಕಡೆಗೆ. ಅದೂ ಗೌಂಡಿ ಬಂದು "ಇದಕ್ಕೆ ಬಿಳಿ ಸಿಮೆಂಟು ತುಂಬೋಣವೋ, ಎಪಾಕ್ಸಿ ತುಂಬೋಣವೋ?" ಎಂದು ಕೇಳಿದಾಗ. ಕೈಯಲ್ಲಿದ್ದ ಹಣವೆಲ್ಲ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಒಬ್ಬರು "ಯಾವುದು ಅಗ್ಗವೋ ಅದನ್ನು ತುಂಬಿ" ಎನ್ನುತ್ತಾರೆ. ಇನ್ನೊಬ್ಬರು "ತುಟ್ಟಿಯಾದದ್ದೇ ಒಳ್ಳೆಯದಿರಬೇಕು, ಮನೆಯೆಲ್ಲ ಅದನ್ನೇ ತುಂಬಿ" ಎನ್ನುತ್ತಾರೆ. ಎರಡೂ ವಿಚಾರಮಾಡಿ ಕೊಟ್ಟ ಉತ್ತರಗಳಲ್ಲ.

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಎರಡು ಬಗೆಯವರಿಗೆ ಈ ವಿಷಯ ಬೇಕಾದದ್ದು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದು ಈ ನಗರದ ಹೊಸ ಕಟ್ಟಡಗಳಲ್ಲಿ ಟೈಲು ಕೂರಿಸುವವರು ಒಂದು ಬಗೆ. ಕಚೇರಿಯಲ್ಲಿ ದುಡಿದು, ಸಾಲ ತೆಗೆದು, ಎರಡು ಕೋಣೆಯ ಫ್ಲಾಟು ಕೊಂಡವರು ಅಥವಾ ಕೊಳ್ಳುವ ಯೋಚನೆಯಲ್ಲಿರುವವರು ಇನ್ನೊಂದು ಬಗೆ. ಎಪಾಕ್ಸಿಯ ವ್ಯವಹಾರದಲ್ಲಿ ಮೊದಲನೆಯವರ ಕೈ ಇದೆ, ಎರಡನೆಯವರ ಹಣ ಇದೆ. ಕೈ ಕೆಡಬಾರದು, ಹಣವೂ ಪೋಲಾಗಬಾರದು. ಆದುದರಿಂದ ಈ ವಸ್ತು ಏನು, ಎಲ್ಲಿ ಬೇಕು, ಎಲ್ಲಿ ಬೇಡ, ಅದನ್ನು ಹೇಗೆ ಬಳಸತಕ್ಕದ್ದು ಎಂಬುದನ್ನು ಇಲ್ಲಿ ಒಂದಿಷ್ಟು ವಿಸ್ತಾರವಾಗಿ ಹೇಳುತ್ತೇವೆ.

ಫರಸಿಯ ಕಾಲ, ಟೈಲಿನ ಕಾಲ

ಹೈದರಾಬಾದಿನ ಹಳೆಯ ಮನೆಗಳ ಅಂಗಳದಲ್ಲಿ, ಮೆಟ್ಟಿಲುಗಳ ಮೇಲೆ ಕಾಣುವ ಬೂದುಬಣ್ಣದ ಚಪ್ಪಟೆ ಕಲ್ಲು ನಮ್ಮವರಿಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದದ ಹೆಸರನ್ನೇ ಹೊತ್ತ ಫರಸಿ ಅದು. ಭೀಮಾ ನದಿಯ ಸೀಮೆಯ ಸುಣ್ಣಕಲ್ಲು. ಅದರ ಹತ್ತಿರದ ಬಳಗದ ಕಲ್ಲು ತಾಂಡೂರಿನಲ್ಲಿಯೂ ಸಿಗುತ್ತದೆ. 1874ರಲ್ಲಿ ವಾಡಿಯಿಂದ ತಾಂಡೂರಿನ ಮೇಲೆ ಹಾಯ್ದು ಸಿಕಂದರಾಬಾದಿಗೆ ರೈಲು ಬಂದಮೇಲೆ ಇಂತಹ ಭಾರದ ಸರಕನ್ನು ನಗರಕ್ಕೆ ತರುವುದು ಸುಲಭವಾಯಿತು. ಫರಸಿಯನ್ನು ಗಣಿಯಲ್ಲಿ ಪದರುಪದರಾಗಿ ಎಬ್ಬಿಸುತ್ತಾರೆ. ಕೈಯಿಂದ ಕಡಿದ ಅಂಚು ನೂಲು ಹಿಡಿದಷ್ಟು ನೇರವಿರುವುದಿಲ್ಲ. ದಪ್ಪವೂ ಒಂದೇ ಸಮನಾಗಿರುವುದಿಲ್ಲ. ಆದುದರಿಂದ ಹಿಂದಿನ ಗೌಂಡಿಗಳು ಕಲ್ಲುಕಲ್ಲಿನ ನಡುವೆ ಅಗಲವಾದ ಸಂದು ಬಿಟ್ಟು, ಅದಕ್ಕೆ ಸುಣ್ಣದ ಗಚ್ಚನ್ನೋ ಸಿಮೆಂಟಿನ ಗಾರೆಯನ್ನೋ ಒತ್ತಿ ತುಂಬುತ್ತಿದ್ದರು. ಕಲ್ಲು ಸ್ವಲ್ಪ ನೀರು ಕುಡಿಯುತ್ತಿತ್ತು, ಸಂದೂ ಕುಡಿಯುತ್ತಿತ್ತು, ಎರಡೂ ಬಿಸಿಲುಗಾಳಿಗೆ ಆರುತ್ತಿದ್ದವು. ಬಚ್ಚಲು ಮನೆಯ ಹಿತ್ತಲಲ್ಲಿ ನೆಲದ ಮೇಲೆಯೇ ಇದ್ದುದರಿಂದ ಸೋರಿದ ನೀರು ಮಣ್ಣಿಗೆ ಹೋಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಈಗ ಕಾಲ ಬೇರೆ. ಬಚ್ಚಲು ನಾಲ್ಕನೆಯ ಮಹಡಿಗೆ ಹತ್ತಿದೆ. ಅದರ ಕೆಳಗೆ ಇನ್ನೊಬ್ಬರ ಮನೆ ಇದೆ. ಗುಜರಾತದ ಮೋರ್ಬಿಯಲ್ಲಿ ಯಂತ್ರದಿಂದ ಒತ್ತಿ, ಸುಟ್ಟು ಮಾಡಿದ ವಿಟ್ರಿಫೈಡ್ ಟೈಲುಗಳು ಲಾರಿಗಳಲ್ಲಿ ಬರುತ್ತವೆ. ಈ ಟೈಲು ತನ್ನ ತೂಕದ ನೂರರಲ್ಲಿ ಅರ್ಧ ಪಾಲಿನಷ್ಟು ನೀರನ್ನೂ ಹೀರುವುದಿಲ್ಲ. ಅದರ ಅಂಚು ನೇರ, ಸಂದು ಎರಡು ಮೂರು ಮಿಲಿಮೀಟರು ಮಾತ್ರ. ಟೈಲು ನೀರು ಕುಡಿಯದಿದ್ದಾಗ ನೆಲದ ಮೇಲೆ ನಿಂತ ನೀರಿಗೆ ಇಳಿಯಲು ಉಳಿಯುವ ದಾರಿ ಸಂದು ಒಂದೇ. ಹಿಂದೆ ಇಡೀ ನೆಲ ಹಂಚಿಕೊಳ್ಳುತ್ತಿದ್ದ ಕೆಲಸ ಈಗ ಈ ಕಿರಿದಾದ ಗೆರೆಯ ಮೇಲೆ ಬಿದ್ದಿದೆ.

"ಹಾಗಾದರೆ ಸಂದೇ ಬಿಡದೆ ಒತ್ತಿ ಕೂರಿಸಿದರಾಯಿತಲ್ಲ" ಎಂದು ಕೇಳುವವರುಂಟು. ಅದು ಸರಿಯಲ್ಲ. ಒಂದೇ ಪೆಟ್ಟಿಗೆಯ ಟೈಲುಗಳಲ್ಲಿಯೂ ಕೂದಲೆಳೆಯಷ್ಟು ಹೆಚ್ಚುಕಡಮೆ ಇರುತ್ತದೆ. ಸಂದು ಅದನ್ನು ನುಂಗಿಕೊಂಡು ಸಾಲನ್ನು ನೇರವಾಗಿ ಇಡುತ್ತದೆ. ಜೊತೆಗೆ ಬೇಸಗೆಯಲ್ಲಿ ಟೈಲು ಹಿಗ್ಗುತ್ತದೆ. ಹೊಸ ಕಟ್ಟಡದ ಕಾಂಕ್ರೀಟು ಆರುತ್ತ ಕುಗ್ಗುತ್ತದೆ. ಎಡೆಯಿಲ್ಲದಂತೆ ಒತ್ತಿ ಕೂರಿಸಿದ ಟೈಲುಗಳು ಒಂದನ್ನೊಂದು ನೂಕಿ, ಒಂದು ದಿನ ಟಪ್ ಎಂದು ಸದ್ದುಮಾಡಿ ಗುಡಾರದಂತೆ ಮೇಲಕ್ಕೆ ಏಳುವುದನ್ನು ಈ ಕೆಲಸದವರೆಲ್ಲ ಬಲ್ಲರು. ಸಂದು ಬೇಕೇ ಬೇಕು. ಅದಕ್ಕೆ ಏನು ತುಂಬಬೇಕು ಎಂಬುದೇ ಪ್ರಶ್ನೆ.

ಸಿಮೆಂಟಿನ ಗುಣ, ಸಿಮೆಂಟಿನ ದೋಷ

ಸಿಮೆಂಟು ಒಳ್ಳೆಯ ವಸ್ತು. ಅಗ್ಗ, ಎಲ್ಲೆಡೆ ಸಿಗುತ್ತದೆ, ಕಲಸುವುದು ಸುಲಭ. ಆದರೆ ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾದ ಮೇಲೆ, ಬೇಕಾದುದಕ್ಕಿಂತ ಹೆಚ್ಚಾಗಿ ಹಾಕಿದ ನೀರು ಆರಿಹೋಗಿ ಅದರ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಬಿಳಿ ಸಿಮೆಂಟನ್ನು ಮಜ್ಜಿಗೆಯಂತೆ ತೆಳ್ಳಗೆ ಕಲಸಿ ಸಂದಿಗೆ ಸುರಿದು ಬಟ್ಟೆಯಿಂದ ಒರೆಸುವ ರೂಢಿ ನಮ್ಮಲ್ಲಿ ಉಂಟು. ಹೀಗೆ ಮಾಡಿದ ಸಂದಿನಲ್ಲಿ ರಂಧ್ರಗಳು ಇನ್ನೂ ಹೆಚ್ಚು. ಆರುವಾಗ ಅದು ಕುಗ್ಗಿ ಬಿರುಕು ಬಿಡುತ್ತದೆ, ಕೆಲವು ತಿಂಗಳಲ್ಲಿ ಪುಡಿಯಾಗಿ ಕಸಬರಿಗೆಗೆ ಬರುತ್ತದೆ. ರಬ್ಬರಿನಂತಹ ಪಾಲಿಮರ್ ಪುಡಿಯನ್ನು ಬೆರೆಸಿ ಕಾರ್ಖಾನೆಯಲ್ಲಿ ತಯಾರಿಸಿದ ಸಿಮೆಂಟ್ ಗ್ರೌಟು ಇದಕ್ಕಿಂತ ಎಷ್ಟೋ ಮೇಲು. ಅದೂ ಸಿಮೆಂಟೇ ಆದುದರಿಂದ ಸ್ವಲ್ಪಮಟ್ಟಿಗೆ ನೀರು ಹೀರುತ್ತದೆ.

ಸಿಮೆಂಟಿನ ನಿಜವಾದ ಶತ್ರು ಹುಳಿ. ಗಟ್ಟಿಯಾದ ಸಿಮೆಂಟಿನಲ್ಲಿ ಸುಣ್ಣದ ಅಂಶ ಬಹಳ. ಸುಣ್ಣವನ್ನು ಹುಳಿ ಕರಗಿಸುತ್ತದೆ. ಒಲೆಕಟ್ಟೆಯ ಮೇಲೆ ಚೆಲ್ಲಿದ ಹುಣಸೆಹುಳಿ, ನಿಂಬೆರಸ, ಮೊಸರು ದಿನದಿನವೂ ಸಂದನ್ನು ಒಂದಿಷ್ಟೊಂದಿಷ್ಟು ತಿನ್ನುತ್ತವೆ. ಅರಿಶಿನವೂ ಎಣ್ಣೆಯೂ ರಂಧ್ರಕ್ಕೆ ಇಳಿದು ಮತ್ತೆ ಬಿಡುವುದಿಲ್ಲ. ಬಚ್ಚಲಿನಲ್ಲಿ ಇನ್ನೊಂದು ಬಗೆ. ಬೋರಿನ ಗಡಸು ನೀರು ಟೈಲಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅದನ್ನು ತೆಗೆಯಲು ಮನೆಯವರು ಅಂಗಡಿಯಿಂದ ಆ್ಯಸಿಡ್ ತಂದು ಸುರಿಯುತ್ತಾರೆ. ಬುಸುಬುಸು ನೊರೆ ಬಂದಾಗ "ಕೊಳೆ ಹೋಗುತ್ತಿದೆ" ಎಂದು ಸಂತೋಷಪಡುತ್ತಾರೆ. ಆ ನೊರೆಯಲ್ಲಿ ಒಂದು ಪಾಲು ಅವರ ಸಂದಿನ ಸಿಮೆಂಟೇ. ಹಾಗೆ ನಾಲ್ಕಾರು ಸಲ ತೊಳೆದ ಮೇಲೆ ಸಂದು ತಗ್ಗಾಗುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಪಾಚಿ ಕಟ್ಟುತ್ತದೆ, ತೇವ ಕೆಳಕ್ಕೆ ಇಳಿಯುತ್ತದೆ.

ಎಪಾಕ್ಸಿ ಎಂದರೇನು?

ಎಪಾಕ್ಸಿ ಒಂದು ಬಗೆಯ ಕೃತಕ ರಾಳ. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಎಂಬ ರಸಾಯನಶಾಸ್ತ್ರಜ್ಞ ಕಟ್ಟುಹಲ್ಲು ಮಾಡಲು ತಕ್ಕ ವಸ್ತುವನ್ನು ಹುಡುಕುತ್ತ ಇದನ್ನು ಕಂಡುಕೊಂಡ. ಸುಮಾರು ಅದೇ ಕಾಲಕ್ಕೆ ಅಮೆರಿಕದಲ್ಲಿ ಸಿಲ್ವನ್ ಗ್ರೀನ್ಲೀ ಎಂಬವನು ಬಣ್ಣಗಳಿಗಾಗಿ ಇಂತಹದೇ ರಾಳವನ್ನು ಸಿದ್ಧಪಡಿಸಿದ. ಕಾಸ್ತಾನನ ಹಕ್ಕನ್ನು ಪಡೆದ ಸಿಬಾ ಕಂಪನಿ 1946ರಲ್ಲಿ ಅರಾಲ್ಡೈಟ್ ಎಂಬ ಅಂಟನ್ನು ಜಗತ್ತಿಗೆ ತೋರಿಸಿತು. ಮುರಿದ ಚಮಚ, ಒಡೆದ ಪಿಂಗಾಣಿ ಅಂಟಿಸಲು ಎರಡು ಕೊಳವೆಗಳಿಂದ ಒಂದಿಷ್ಟೊಂದಿಷ್ಟು ಹಿಂಡಿ ಕಲಸುವ ಅಂಟು ಇದೇ. ಅದನ್ನು ಬಳಸಿದವರು ಎಪಾಕ್ಸಿಯನ್ನು ಆಗಲೇ ಬಳಸಿದ್ದಾರೆ ಎಂದರ್ಥ.

ಎರಡು ಕೊಳವೆ ಏಕೆ? ಒಂದರಲ್ಲಿ ರಾಳ ಇದೆ, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ಹಾರ್ಡನರ್ ಇದೆ. ಬೇರೆಬೇರೆ ಇರುವ ತನಕ ಎರಡೂ ಬಹುಕಾಲ ದ್ರವವಾಗಿಯೇ ಇರುತ್ತವೆ. ಕೂಡಿಸಿದೊಡನೆ ಹಾರ್ಡನರಿನ ಅಣುಗಳು ರಾಳದ ಅಣುಗಳ ತುದಿಗಳನ್ನು ಹಿಡಿದು ಒಂದಕ್ಕೊಂದು ಗಂಟುಹಾಕತೊಡಗುತ್ತವೆ. ಹೊರಸಿನ ಹಗ್ಗವನ್ನು ನೆನೆಯಿರಿ: ಬಿಡಿ ಹಗ್ಗದ ಮೇಲೆ ಮಲಗಲಾಗದು, ಅಡ್ಡಕ್ಕೂ ಉದ್ದಕ್ಕೂ ಹೆಣೆದಾಗ ಅದೇ ಹಗ್ಗ ಆಳಿನ ಭಾರ ಹೊರುತ್ತದೆ. ಎಪಾಕ್ಸಿಯೂ ಹೀಗೆ ಎಲ್ಲ ದಿಕ್ಕುಗಳಿಗೂ ಹೆಣೆದುಕೊಂಡು ಒಂದೇ ಗಟ್ಟಿಯಾಗುತ್ತದೆ. ಇಲ್ಲಿ ಆರಿಹೋಗಬೇಕಾದ ನೀರಿಲ್ಲ. ಆದುದರಿಂದ ಸಿಮೆಂಟಿನಂತೆ ರಂಧ್ರ ಉಳಿಯುವುದಿಲ್ಲ, ಕುಗ್ಗುವುದೂ ಬಹಳ ಕಡಮೆ. ಸುಣ್ಣದ ಅಂಶವಿಲ್ಲದ ಕಾರಣ ಮನೆಯ ಹುಳಿಗಳು ಅದನ್ನು ತಿನ್ನಲಾರವು.

ಸಂದಿಗೆ ತುಂಬುವ ಎಪಾಕ್ಸಿಯಲ್ಲಿ ಮೂರನೆಯದೊಂದು ಭಾಗ ಇರುತ್ತದೆ: ನುಣುಪಾದ ಮರಳಿನಂತಹ ಬಣ್ಣದ ಪುಡಿ. ಅದು ಮೈಕೊಡುತ್ತದೆ, ಬಣ್ಣ ಕೊಡುತ್ತದೆ, ಗೋಡೆಯ ಸಂದಿನಿಂದ ಜಾರದಂತೆ ಹಿಡಿಯುತ್ತದೆ.

ಈ ಪದ್ಧತಿ ಮನೆಗಳಿಗೆ ಬಂದದ್ದು ಈಚೆಗೆ; ಮೊದಲು ಬೇಕಾದದ್ದು ಕಾರ್ಖಾನೆಗಳಿಗೆ. ಆ್ಯಸಿಡ್ ಚೆಲ್ಲುವ ಕಡೆ ಎಂತಹ ಗಟ್ಟಿ ಟೈಲು ಹಾಸಿದರೂ ಸಂದಿನಿಂದಲೇ ನೆಲ ಕೊಳೆಯುತ್ತಿತ್ತು. ಭಾರತೀಯ ಮಾನಕ ಸಂಸ್ಥೆ ರಾಸಾಯನಿಕಗಳನ್ನು ತಡೆಯುವ ರಾಳದ ಗಾರೆಗಳಿಗೆ 1969ರಲ್ಲಿಯೇ ಒಂದು ಮಾನಕವನ್ನು ಹೊರಡಿಸಿತು. ಹೈದರಾಬಾದು ಔಷಧಗಳ ಊರು. ಜೀಡಿಮೆಟ್ಲ, ಪಟಾನ್‌ಚೆರು ಕಡೆ ಕೆಲಸಮಾಡುವವರಿಗೆ ಹುಳಿಗೂ ಕ್ಷಾರಕ್ಕೂ ಜಗ್ಗದ ನೆಲ ಏಕೆ ಬೇಕೆಂದು ಹೇಳಿಕೊಡಬೇಕಾಗಿಲ್ಲ. ಹಾಲಿನ ಡೇರಿ, ಆಸ್ಪತ್ರೆ, ಹೋಟೆಲಿನ ಅಡಿಗೆಮನೆ ಇವುಗಳಿಗೂ ಇದೇ ಕಾರಣದಿಂದ ಎಪಾಕ್ಸಿ ಒಪ್ಪುತ್ತದೆ. ರಂಧ್ರವಿಲ್ಲದ ಸಂದಿನಲ್ಲಿ ಹಾಲು, ರಕ್ತ, ಎಣ್ಣೆ ಇಂಗಿ ಕೊಳೆಯುವುದಿಲ್ಲ.

ಕೆಲಸದ ಕ್ರಮ

ಸಿಮೆಂಟಿನ ಕೆಲಸದಲ್ಲಿ ಪಳಗಿದ ಗೌಂಡಿ ಎಪಾಕ್ಸಿಗೆ ಕೈಹಾಕಿದಾಗ ಮೊದಲು ಮರೆಯಬೇಕಾದದ್ದು ತನ್ನ ಕಣ್ಣಂದಾಜನ್ನು. ಸಿಮೆಂಟು ಗಟ್ಟಿಯಾಯಿತೆಂದರೆ ಒಂದು ಚೊಂಬು ನೀರು, ತೆಳ್ಳಗಾಯಿತೆಂದರೆ ಒಂದು ಹಿಡಿ ಸಿಮೆಂಟು ಹಾಕಿ ಸರಿಮಾಡುವುದುಂಟು. ಎಪಾಕ್ಸಿಯಲ್ಲಿ ಇದು ನಡೆಯದು. ಎಷ್ಟು ರಾಳಕ್ಕೆ ಎಷ್ಟು ಹಾರ್ಡನರ್ ಎಂಬುದನ್ನು ಅಣುಗಳ ಲೆಕ್ಕದಿಂದ ಕಟ್ಟಿರುತ್ತಾರೆ. "ಬೇಗ ಗಟ್ಟಿಯಾಗಲಿ" ಎಂದು ಹಾರ್ಡನರ್ ಹೆಚ್ಚು ಹಾಕಿದರೆ, ಹಿಡಿಯಲು ಜೊತೆ ಸಿಗದ ಅಣುಗಳು ಹಾಗೆಯೇ ಉಳಿದು ಸಂದು ಅಂಟಂಟಾಗಿ, ಮೆತ್ತಗೆ ಉಳಿಯುತ್ತದೆ. ಕಡಮೆ ಹಾಕಿದರೂ ಅದೇ ಗತಿ. ನೀರು ಬೆರೆಸಲೇಬಾರದು. ಇಡೀ ಪೊಟ್ಟಣ ಬೇಡವಾದರೆ ಮೂರು ಭಾಗಗಳನ್ನೂ ಸಣ್ಣ ತಕ್ಕಡಿಯಲ್ಲಿ ತೂಗಿ, ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿಯೇ ತೆಗೆದುಕೊಳ್ಳತಕ್ಕದ್ದು. ಮೊದಲು ರಾಳವನ್ನೂ ಹಾರ್ಡನರನ್ನೂ ಡಬ್ಬಿಯ ತಳ, ಬದಿ ಕೆರೆದು ಬಣ್ಣ ಒಂದೇ ಆಗುವ ತನಕ ಕಲಸಬೇಕು. ಆಮೇಲೆ ಪುಡಿ ಸೇರಿಸಬೇಕು.

ಎರಡನೆಯ ಮಾತು, ಹೊತ್ತು. ಗಂಟುಬೀಳುವಾಗ ಎಪಾಕ್ಸಿ ತಾನೇ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಬೇಗ ಗಟ್ಟಿಯಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ವೇಳೆ ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆ ಎಂದು ಎಣಿಸಬಹುದು. ಪೊಟ್ಟಣದ ಮೇಲೆ ಅಚ್ಚಾದ ಸಮಯ ಸಾಮಾನ್ಯವಾಗಿ ತಂಪಾದ ಕೋಣೆಯದು. ಹೈದರಾಬಾದಿನ ಮೇ ತಿಂಗಳಿನ ನಡುಹಗಲಿನದಲ್ಲ. ಆದುದರಿಂದ ಬೇಸಗೆಯಲ್ಲಿ ಬೆಳಗಿನ ಹೊತ್ತು ಕೆಲಸ ಹಿಡಿಯುವುದು, ಡಬ್ಬಿಗಳನ್ನು ನೆರಳಿನಲ್ಲಿ ಇಡುವುದು, ಸ್ವಲ್ಪಸ್ವಲ್ಪವೇ ಕಲಸುವುದು ಜಾಣತನ. ಕಲಸಿದ್ದನ್ನು ಬಕೆಟ್ಟಿನಲ್ಲಿ ರಾಶಿಯಾಗಿ ಬಿಟ್ಟರೆ ಕಾವು ಒಳಗೇ ಉಳಿದು ಕಲ್ಲಾಗುತ್ತದೆ. ಅಗಲವಾದ ಹಲಗೆಯ ಮೇಲೆ ಹರಡಿದರೆ ಕಾವು ಹೊರಬಿದ್ದು ಹೆಚ್ಚು ಹೊತ್ತು ಸಿಗುತ್ತದೆ.

ಮೂರನೆಯದು, ಸಂದಿನ ಸಿದ್ಧತೆ. ಸಂದಿನಲ್ಲಿ ದೂಳು, ಉಬ್ಬಿಬಂದ ಅಂಟು, ನೀರು ಯಾವುದೂ ಇರಬಾರದು. ಟೈಲಿನ ಕೆಳಗಣ ಅಂಟೋ ಗಾರೆಯೋ ಆರದೆ ಇರುವಾಗ ಮೇಲೆ ಎಪಾಕ್ಸಿ ಮುಚ್ಚಿದರೆ ಆ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ. ಹಳೆಯ ನೆಲಕ್ಕೆ ಹೊಸದಾಗಿ ಎಪಾಕ್ಸಿ ತುಂಬುವಾಗ ಹಳೆಯ ಸಿಮೆಂಟಿನ ಮೇಲೆ ತೆಳ್ಳಗೆ ಬಳಿದು ಹೋಗುವವರುಂಟು. ಅದು ಕೆಲವು ದಿನಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಟೈಲಿನ ದಪ್ಪದ ಮೂರರಲ್ಲಿ ಎರಡು ಪಾಲಾದರೂ ಹಳೆಯದನ್ನು ಕೆರೆದು ತೆಗೆದಮೇಲೆಯೇ ಹೊಸದು ಹಿಡಿಯುತ್ತದೆ.

ತುಂಬುವಾಗ ರಬ್ಬರಿನ ಹಲಗೆಯಿಂದ ಸಂದಿಗೆ ಓರೆಯಾಗಿ ಎಳೆಯುತ್ತ, ತಳದ ತನಕ ಒತ್ತಿ ತುಂಬಬೇಕು. ಮೇಲೆ ಉಳಿದದ್ದನ್ನು ಆಗಲೇ ಹಲಗೆಯ ಅಂಚಿನಿಂದ ಬಳಿದುಕೊಳ್ಳಬೇಕು. ಅದಾದಮೇಲೆ ಪೊಟ್ಟಣದಲ್ಲಿ ಹೇಳಿದ ವೇಳೆಯೊಳಗೆ, ಒದ್ದೆಮಾಡಿ ಹಿಂಡಿದ ನಾರಿನ ಪ್ಯಾಡಿನಿಂದ ಮೆಲ್ಲಗೆ ಸುತ್ತಿಸುತ್ತ ಉಜ್ಜಿ, ಸ್ಪಂಜಿನಿಂದ ಒರೆಸಬೇಕು. ನೀರನ್ನು ಮೇಲಿಂದಮೇಲೆ ಬದಲಿಸಬೇಕು. ಸ್ವಲ್ಪ ಹೊತ್ತಿನ ಮೇಲೆ ಎರಡನೆಯ ಸಲ ಒರೆಸಿ, ಟೈಲಿನ ಮೇಲೆ ಉಳಿದ ಮಂಜಿನಂತಹ ಪೊರೆಯನ್ನು ತೆಗೆಯಬೇಕು. "ಊಟಮಾಡಿ ಬಂದು ಒರೆಸುತ್ತೇನೆ" ಎಂದು ಹೋದರೆ ಆ ಪೊರೆ ಟೈಲಿನ ಮೇಲೆ ಶಾಶ್ವತವಾಗಿ ಕೂರುತ್ತದೆ. ಸಿಮೆಂಟಿನ ಕಲೆ ಆ್ಯಸಿಡ್ಡಿಗೆ ಹೋಗುತ್ತದೆ, ಎಪಾಕ್ಸಿಯದು ಹೋಗದು. ಒಬ್ಬನು ತುಂಬುತ್ತ ಹೋದಂತೆ ಇನ್ನೊಬ್ಬನು ಹಿಂದಿನಿಂದ ಒರೆಸುತ್ತ ಬರುವುದೇ ಸರಿಯಾದ ಏರ್ಪಾಡು. ಒಂದು ದಿನ ಕಳೆದಮೇಲೆ ಅದರ ಮೇಲೆ ನಡೆಯಬಹುದು. ಪೂರ್ಣ ಬಲ ಬರಲು ಸುಮಾರು ಒಂದು ವಾರ ಬೇಕು.

ಕೈಗಳ ಕಾಳಜಿ

ಈಗ ಹೇಳುವ ಮಾತನ್ನು ಟೈಲು ಕೆಲಸದ ಮಿತ್ರರು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕೆಂದು ಕೋರುತ್ತೇವೆ. ಗಟ್ಟಿಯಾದ ಎಪಾಕ್ಸಿಯನ್ನು ಮುಟ್ಟಿದರೆ ತೊಂದರೆಯಿಲ್ಲ. ಹಸಿಯಾದ ರಾಳವೂ ಹಾರ್ಡನರೂ ಹಾಗಲ್ಲ. ಹಾರ್ಡನರ್ ಚರ್ಮವನ್ನೂ ಕಣ್ಣನ್ನೂ ಸುಡುವ ಗುಣದ್ದು. ರಾಳ ಇನ್ನೊಂದು ಬಗೆಯಲ್ಲಿ ಕೆಟ್ಟದ್ದು: ಮೊದಮೊದಲು ಏನೂ ಆಗದು. ವಾರಗಟ್ಟಲೆ, ತಿಂಗಳುಗಟ್ಟಲೆ ಬರಿಗೈಯಿಂದ ಮುಟ್ಟುತ್ತಿದ್ದರೆ ಒಂದು ದಿನ ದೇಹ ಅದನ್ನು ಶತ್ರುವೆಂದು ಗುರುತಿಸಿಬಿಡುತ್ತದೆ. ಅಂದಿನಿಂದ ಕೈಬೆರಳುಗಳ ಸಂದಿನಲ್ಲಿ, ಮುಂಗೈಯಲ್ಲಿ, ಕಣ್ಣಿನ ರೆಪ್ಪೆಯಲ್ಲಿ ತುರಿಕೆ, ಕೆಂಪು, ನೀರ್ಗುಳ್ಳೆ ಏಳುತ್ತವೆ. ಇದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಆಮೇಲೆ ಸಾಸಿವೆಯಷ್ಟು ರಾಳ ತಾಗಿದರೂ ಮತ್ತೆ ಏಳುತ್ತದೆ. ಈ ಕಾರಣದಿಂದ ಕೆಲಸವನ್ನೇ ಬಿಡಬೇಕಾಗಿ ಬಂದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. "ನನಗೆ ಇಷ್ಟು ದಿನ ಏನೂ ಆಗಿಲ್ಲ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ತಡೆಯುವುದು ಕಷ್ಟವಲ್ಲ. ನೈಟ್ರೈಲ್ ಎಂಬ ವಸ್ತುವಿನ ಕೈಚೀಲ ಹಾಕಿಕೊಳ್ಳಬೇಕು. ಬಟ್ಟೆಯ ಕೈಚೀಲ ರಾಳವನ್ನು ಹೀರಿ ಕೈಗೇ ಒತ್ತಿ ಹಿಡಿಯುತ್ತದೆ. ಅದು ಬರಿಗೈಗಿಂತಲೂ ಕೇಡು. ತೆಳುವಾದ ಸಾದಾ ರಬ್ಬರಿನದೂ ಸಾಲದು. ಕೈಚೀಲ ಹರಿದರೆ, ಒಳಗೆ ಅಂಟು ಹೋದರೆ ಕೂಡಲೇ ಬದಲಿಸಬೇಕು. ತುಂಬುತೋಳಿನ ಅಂಗಿ ತೊಡಬೇಕು. ಕಲಸುವಾಗ ಕಣ್ಣಿಗೆ ಕನ್ನಡಕ ಇರಬೇಕು. ಬಚ್ಚಲಿನ ಕಿಟಕಿ ಬಾಗಿಲು ತೆರೆದಿರಬೇಕು. ಚರ್ಮಕ್ಕೆ ತಾಗಿದರೆ ಒರೆಸಿ, ಸಾಬೂನು ನೀರಿನಿಂದ ತೊಳೆಯಬೇಕು. ಥಿನ್ನರ್, ಸೀಮೆಎಣ್ಣೆ, ಪೆಟ್ರೋಲುಗಳಿಂದ ಕೈ ತೊಳೆಯುವ ಅಭ್ಯಾಸವನ್ನು ಬಿಟ್ಟೇಬಿಡಬೇಕು. ಅವು ಚರ್ಮದ ಜಿಡ್ಡನ್ನು ತೆಗೆದು ರಾಳವನ್ನು ಇನ್ನೂ ಒಳಕ್ಕೆ ಕಳಿಸುತ್ತವೆ. ಅದೇ ಕೈಯಿಂದ ಬೀಡಿ ಸೇದುವುದು, ಎಲೆಯಡಕೆ ಹಾಕುವುದು, ಮುಖದ ಬೆವರು ಒರೆಸುವುದು ಸಲ್ಲದು. ಗುಳ್ಳೆ ಎದ್ದು ವೈದ್ಯರ ಬಳಿ ಹೋದಾಗ "ಸಿಮೆಂಟು ಕೆಲಸ" ಎನ್ನದೆ "ಎಪಾಕ್ಸಿ ಕೆಲಸ" ಎಂದು ಸ್ಪಷ್ಟವಾಗಿ ಹೇಳಬೇಕು. ಪೊಟ್ಟಣದ ಚೀಟಿಯನ್ನು ಜೊತೆಗೆ ಒಯ್ಯುವುದು ಇನ್ನೂ ಒಳ್ಳೆಯದು.

ಹಳೆಯ ಸಂದನ್ನು ಯಂತ್ರದಿಂದ ಕೆರೆಯುವಾಗಲೂ ಟೈಲು ಕೊಯ್ಯುವಾಗಲೂ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದು ಎದೆಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ. ಕೊಯ್ಯುವಾಗ ನೀರು ಹನಿಸುವುದು, ದೂಳು ತಡೆಯುವ ತಕ್ಕ ಮುಖವಾಡ ಹಾಕುವುದು ಇವೆರಡೂ ಬೇಕು. ಹೆಗಲಮೇಲಿನ ವಲ್ಲಿಯನ್ನು ಮೂಗಿಗೆ ಸುತ್ತಿಕೊಂಡರೆ ಆ ನುಣ್ಣನೆಯ ದೂಳು ನಿಲ್ಲುವುದಿಲ್ಲ.

ಮನೆಯವರಿಗೂ ಒಂದು ಮಾತು. ಎಪಾಕ್ಸಿಯ ಬೆಲೆ ಕಟ್ಟುವಾಗ ಕೈಚೀಲ, ಕನ್ನಡಕಗಳ ಬೆಲೆಯನ್ನೂ ಅದರಲ್ಲಿ ಸೇರಿಸಿಕೊಳ್ಳಿರಿ. ಸಾಮಾನಿನ ಹಣದೊಡನೆ ನೋಡಿದರೆ ಅದು ಅತ್ಯಲ್ಪ. ನಮ್ಮ ಬಚ್ಚಲು ಬೆಳ್ಳಗಿರಬೇಕೆಂದು ಇನ್ನೊಬ್ಬರ ಕೈ ಕೆಂಪಾಗಬಾರದು.

ಎಲ್ಲಿ ಬೇಕು, ಎಲ್ಲಿ ಬೇಡ

ಬಚ್ಚಲಿನ ನೆಲ, ನೀರು ಸಿಡಿಯುವ ಗೋಡೆ, ಒಲೆಕಟ್ಟೆ, ಸಿಂಕಿನ ಸುತ್ತ, ಪಾತ್ರೆ ಬಟ್ಟೆ ತೊಳೆಯುವ ಜಾಗ ಇಷ್ಟಕ್ಕೆ ಎಪಾಕ್ಸಿ ತುಂಬಿಸುವುದು ಹಣದ ಸದುಪಯೋಗ. ನಡುಮನೆಗೂ ಮಲಗುವ ಕೋಣೆಗೂ ಒಳ್ಳೆಯ ಸಿಮೆಂಟ್ ಗ್ರೌಟು ಸಾಕು. ಅಲ್ಲಿ ಹುಳಿಯೂ ಇಲ್ಲ, ನಿಂತ ನೀರೂ ಇಲ್ಲ. ಬಿಸಿಲು ಬೀಳುವ ಬಾಲ್ಕನಿ, ಮಾಳಿಗೆಗಳಲ್ಲಿ ಬಿಳಿಯ ಎಪಾಕ್ಸಿ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಹಳೆಯ ಫರಸಿಯ ನೆಲಕ್ಕಂತೂ ಇದು ಒಪ್ಪುವುದಿಲ್ಲ. ಅಗಲವಾದ ಸಂದಿಗೆ ಸಾಮಾನು ಬಹಳ ಹಿಡಿಯುತ್ತದೆ. ರಾಳ ಕಲ್ಲಿನ ಅಂಚಿಗೆ ಇಂಗಿ ಸುತ್ತಲೂ ಕಪ್ಪು ಗೆರೆ ಮೂಡುವುದೂ ಉಂಟು. ಗೋಡೆ ನೆಲ ಕೂಡುವ ಮೂಲೆ, ಬಾಗಿಲ ಚೌಕಟ್ಟಿನ ಅಂಚು ಇಂತಹ ಕಡೆ ಎರಡು ಭಾಗಗಳು ಬೇರೆಬೇರೆಯಾಗಿ ಅಲುಗುತ್ತವೆ. ಗಡುಸಾದ ಎಪಾಕ್ಸಿ ಅಲ್ಲಿ ಸೀಳುತ್ತದೆ; ಜಗ್ಗುವ ಗುಣವುಳ್ಳ ಸಿಲಿಕೋನ್ ಅಲ್ಲಿಗೆ ತಕ್ಕದ್ದು.

ಮುಖ್ಯವಾದ ಇನ್ನೊಂದು ವಿಷಯ. ಕೆಳಗಿನ ಮನೆಯ ಮಾಳಿಗೆ ತೇವವಾದೊಡನೆ "ಎಪಾಕ್ಸಿ ತುಂಬಿಸಿ, ನಿಲ್ಲುತ್ತದೆ" ಎಂದು ಹೇಳುವವರು ಬಹಳ. ಸಂದಿನಿಂದ ಇಳಿಯುವ ನೀರನ್ನು ಎಪಾಕ್ಸಿ ತಡೆದೀತು. ಗೋಡೆಯೊಳಗಣ ನಳದ ಸೋರಿಕೆ, ಮೋರಿಯ ಬಾಯಿಯ ಸುತ್ತಣ ಬಿರುಕು, ಟೈಲಿನ ಕೆಳಗೆ ಇರಬೇಕಾದ ನೀರು ತಡೆಯುವ ಲೇಪ ಇಲ್ಲದಿರುವುದು ಇವಕ್ಕೆ ಅದು ಮದ್ದಲ್ಲ. ಮೊದಲು ನೀರು ಎಲ್ಲಿಂದ ಬರುತ್ತದೆಂದು ನೋಡಬೇಕು. ಬಚ್ಚಲನ್ನು ಒಂದೆರಡು ದಿನ ಬಳಸದೆ ಒಣಗಬಿಟ್ಟು, ಆಗಲೂ ಕೆಳಗೆ ತೇವ ಹೆಚ್ಚುತ್ತಿದ್ದರೆ ತಪ್ಪು ನಳದಲ್ಲಿರುವುದು ಸಂಭವ. ಕಾಯಿಲೆ ತಿಳಿಯದೆ ತುಟ್ಟಿ ಔಷಧ ಕೊಂಡರೆ ಕಾಯಿಲೆಯೂ ಉಳಿಯುತ್ತದೆ, ಸಾಲವೂ ಉಳಿಯುತ್ತದೆ.

ಲೆಕ್ಕ ನೋಡುವ ಬಗೆ

ಎಪಾಕ್ಸಿ ಸಿಮೆಂಟಿಗಿಂತ ಹಲವು ಪಟ್ಟು ತುಟ್ಟಿ, ನಿಜ. ಆದರೆ ಎಷ್ಟು ಬೇಕು ಎಂಬುದನ್ನು ಲೆಕ್ಕಹಾಕಿದರೆ ಹೆದರಿಕೆ ಕಡಮೆಯಾಗುತ್ತದೆ. 300 ಮಿಲಿಮೀಟರು ಚದರದ ಟೈಲಿಗೆ 3 ಮಿಲಿಮೀಟರು ಸಂದು ಬಿಟ್ಟರೆ, ನೆಲದ ನೂರು ಪಾಲಿನಲ್ಲಿ ಸಂದು ಸುಮಾರು ಎರಡು ಪಾಲು ಮಾತ್ರ. ಬೇಕಾದ ತೂಕವನ್ನು ಹೀಗೆ ತಿಳಿಯಬಹುದು: ಟೈಲಿನ ಉದ್ದ ಅಗಲಗಳನ್ನು ಕೂಡಿಸಿ, ಅದನ್ನು ಉದ್ದ ಅಗಲಗಳ ಗುಣಲಬ್ಧದಿಂದ ಭಾಗಿಸಿರಿ, ಬಂದುದನ್ನು ಟೈಲಿನ ದಪ್ಪದಿಂದಲೂ ಸಂದಿನ ಅಗಲದಿಂದಲೂ ಗುಣಿಸಿ, ಕೊನೆಗೆ 1.6ರಿಂದ ಗುಣಿಸಿರಿ. ಎಲ್ಲ ಅಳತೆಗಳೂ ಮಿಲಿಮೀಟರಿನಲ್ಲಿರಬೇಕು. ಉತ್ತರ ಒಂದು ಚದರ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು ಬರುತ್ತದೆ. ಮೇಲಿನ ಟೈಲು 8 ಮಿಲಿಮೀಟರು ದಪ್ಪವಿದ್ದರೆ ಚದರ ಮೀಟರಿಗೆ ಸುಮಾರು ಕಾಲು ಕಿಲೋ. ನಲವತ್ತು ಚದರ ಅಡಿಯ ಬಚ್ಚಲಿನ ನೆಲ ನಾಲ್ಕು ಚದರ ಮೀಟರಿಗಿಂತ ಸ್ವಲ್ಪ ಕಡಮೆ. ಪೋಲಾಗುವುದನ್ನು ಸೇರಿಸಿದರೂ ಒಂದು, ಹೆಚ್ಚೆಂದರೆ ಒಂದೂಕಾಲು ಕಿಲೋ ಸಾಕು. ಬರಿಯ ನೆಲಕ್ಕೆ ಐದು ಕಿಲೋದ ಪೊಟ್ಟಣ ಎರಡು ಬೇಕೆಂದು ಯಾರಾದರೂ ಹೇಳಿದರೆ, ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಬಹುದು.

ಪೊಟ್ಟಣವನ್ನು ಎದುರಿಗೇ ಒಡೆಸಿರಿ. ಒಳಗೆ ಮೂರು ಭಾಗ ಇವೆಯೇ, ಅವಧಿ ಮೀರಿದೆಯೇ ನೋಡಿರಿ. ಕೆಲಸದವರಿಗೆ ಒರೆಸುವ ಹೊತ್ತೂ ಕೂಲಿಯ ಲೆಕ್ಕದಲ್ಲಿ ಸೇರಿದೆಯೆಂದು ಮೊದಲೇ ಮಾತಾಡಿಕೊಳ್ಳಿರಿ. ಅವಸರದ ಗುತ್ತಿಗೆಯಲ್ಲಿ ಎಪಾಕ್ಸಿ ಕೆಡುವುದು ಒರೆಸುವ ಘಟ್ಟದಲ್ಲಿಯೇ. ಎರಡು ದಿನದ ಮೇಲೆ ಉಗುರಿನಿಂದ ಒತ್ತಿ ನೋಡಿರಿ; ಅಂಟಿದರೆ ಅಥವಾ ಗುಳಿಬಿದ್ದರೆ ಪ್ರಮಾಣ ತಪ್ಪಿದೆ. ತುಂಬಿದ್ದು ಎಪಾಕ್ಸಿಯೋ ಸಿಮೆಂಟೋ ಎಂಬ ಸಂಶಯವಿದ್ದರೆ ಒಣಗಿದ ಸಂದಿನ ಮೇಲೆ ಒಂದು ಹನಿ ನೀರು ಬಿಟ್ಟು ಐದು ನಿಮಿಷ ಕಾಯಿರಿ: ನೀರು ಇಂಗಿ ಬಣ್ಣ ಗಾಢವಾದರೆ ಅದು ಎಪಾಕ್ಸಿಯಲ್ಲ. ಹನಿ ಹಾಗೆಯೇ ನಿಂತರೆ ಅದು ಎಪಾಕ್ಸಿ ಇರಬಹುದು; ಒಳ್ಳೆಯ ಪಾಲಿಮರ್ ಗ್ರೌಟಿನ ಮೇಲೆಯೂ ಹನಿ ಕೆಲವು ಹೊತ್ತು ನಿಲ್ಲುವುದರಿಂದ ಒಡೆದ ಪೊಟ್ಟಣವೇ ಖಚಿತವಾದ ಸಾಕ್ಷಿ.

ಕೆಲಸ ಮುಗಿದಮೇಲೆ ಸಾಬೂನು ನೀರು, ಮೆತ್ತನೆಯ ಬ್ರಶ್ಶು ಇಷ್ಟೇ ಸಾಕು. ಅರಿಶಿನ ಚೆಲ್ಲಿದರೆ ಆಗಲೇ ಒರೆಸಿಬಿಡಿ. ತಿಳಿಬಣ್ಣದ ಎಪಾಕ್ಸಿಯ ಮೇಲೆ ಅದು ಬಹಳ ಹೊತ್ತು ನಿಂತರೆ ಕಲೆ ಉಳಿಯಬಹುದು. ಬಿಳಿ ಪೊರೆ ಕಟ್ಟದಂತೆ ಸ್ನಾನವಾದ ಮೇಲೆ ನೀರನ್ನು ಎಳೆದು ಹಾಕುವ ಅಭ್ಯಾಸ ಆ್ಯಸಿಡ್ಡಿಗಿಂತ ಸಾವಿರ ಪಾಲು ಮೇಲು.

ಹನಿ ಹನಿಗೂಡಿದರೆ ಹಳ್ಳ ಎನ್ನುತ್ತಾರೆ. ಸಂದಿನಲ್ಲಿ ಇಳಿಯುವ ಹನಿಯೂ ಹಾಗೆಯೇ ಕೂಡಿ ಕೆಳಗಿನವರ ಮಾಳಿಗೆಯನ್ನು ಮುಟ್ಟುತ್ತದೆ; ನೆರೆಹೊರೆಯ ಜಗಳವಾಗುತ್ತದೆ. ಬೇಕಾದಲ್ಲಿ ಮಾತ್ರ ಎಪಾಕ್ಸಿ, ಬೇಡವಾದಲ್ಲಿ ಸಿಮೆಂಟು, ಪೊಟ್ಟಣದ ಪ್ರಮಾಣ, ತಕ್ಕ ಹೊತ್ತು, ಕೈಗೆ ಕೈಚೀಲ ಇಷ್ಟನ್ನು ನೆನಪಿಟ್ಟರೆ ಕೊಂಡವರ ಹಣವೂ ಉಳಿದೀತು, ದುಡಿಯುವವರ ಕೈಯೂ ಉಳಿದೀತು. ಈ ಕೆಲಸದಲ್ಲಿ ತೊಡಗಿರುವ, ಓದುಬರಹ ಬಾರದ ಜೊತೆಗಾರರಿಗೆ ಮಿತ್ರರು ಇದನ್ನು, ಅದರಲ್ಲಿಯೂ ಕೈಗಳ ಕಾಳಜಿಯ ಭಾಗವನ್ನು, ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇವೆ.